ತಂಪುಕೋಣೆಗೆ ಒಂದೇ ಬಾಗಿಲು

ತಂತಿಯ ಮೇಲೆ ಒಣಗಿದ ಬಟ್ಟೆಗಳನ್ನು ಒಂದೊಂದಾಗಿ ಎಳೆದು ಹೆಗಲಿಗೆ ಹಾಕಿಕೊಳ್ಳುತ್ತ ಮಗಳ ಶಾಲೆಯ ಕಾಲುಚೀಲ ಹುಡುಕುತ್ತಿದ್ದೆ. ಒಂದು ಸಿಕ್ಕಿತು, ಅದರ ಜೊತೆಯದು ಇರಲಿಲ್ಲ. ಹೋದ ವಾರವೂ ಹೀಗೇ ಒಂದು ಕಾಣೆಯಾಗಿತ್ತು. ಆಗ ಗಾಳಿಯನ್ನು ಬೈದುಕೊಂಡು ಸುಮ್ಮನಾಗಿದ್ದೆ. ಈ ಸಲ ಪಕ್ಕದ ಮನೆಯ ನಾಯಿಯ ಮೇಲೆ ತಪ್ಪು ಹಾಕೋಣ ಎಂದುಕೊಳ್ಳುವಷ್ಟರಲ್ಲಿ ಒಳಗಿನಿಂದ ಅತ್ತೆಯ ದನಿ ಬಂತು.

“ಬಾ ಇಲ್ಲಿ. ನಿನ್ನ ಮೆಷಿನ್ನು ಮತ್ತೆ ಗಡ್ಡ ಬಿಟ್ಟಿದೆ.”

ಬಟ್ಟೆಗಳನ್ನು ಕುರ್ಚಿಯ ಮೇಲೆ ರಾಶಿ ಹಾಕಿ ಓಡಿದೆ. ತಂಪುಕೋಣೆಯ ದಪ್ಪ ಬಾಗಿಲು ತೆರೆದು ನೋಡಿದರೆ, ಕಿಟಕಿಯಲ್ಲಿ ಕೂರಿಸಿದ ಏಸಿಯ ತಗಡುಗಳ ತುಂಬ ಬಿಳಿ ಮಂಜು ಗಟ್ಟಿಕೊಂಡಿತ್ತು. ಮೆಷಿನ್ನು ಗುಂಯ್ ಎನ್ನುತ್ತಲೇ ಇತ್ತು, ಗಾಳಿ ಮಾತ್ರ ಬರುತ್ತಿರಲಿಲ್ಲ. ಗೋಡೆಯ ಥರ್ಮಾಮೀಟರು ಇರಬೇಕಾದ್ದಕ್ಕಿಂತ ಬಹಳ ಮೇಲೆ ಏರಿತ್ತು. ಬಕೆಟುಗಳಲ್ಲಿ ನಿಂತ ಗುಲಾಬಿಗಳು ಹೇಗೋ ತಡೆದುಕೊಂಡಿದ್ದವು. ಲಿಲ್ಲಿಗಳ ತಾಳ್ಮೆ ಮುಗಿದಿತ್ತು. ನಿನ್ನೆ ಸಂಜೆ ಮುಷ್ಟಿ ಬಿಗಿದಿದ್ದ ಮೊಗ್ಗುಗಳು ಈಗ ಒಂದೊಂದೇ ಬೆರಳು ಬಿಚ್ಚುತ್ತಿದ್ದವು.

ಹೂ ಅರಳಿದ್ದನ್ನು ಕಂಡು ಎದೆ ಧಸಕ್ಕೆನ್ನುವುದು ನನ್ನಂತೆ ಹೂ ಬೆಳೆದು ಮಾರುವವರಿಗೆ ಮಾತ್ರ. ಅರಳಿದ್ದನ್ನು ಯಾವ ಅಂಗಡಿಯೂ ಕೊಳ್ಳುವುದಿಲ್ಲ. ಇಷ್ಟು ದಿನ ಹೂ ಕೊಳ್ಳುವ ವ್ಯಾನಿನವನು ಅವನಿಗೆ ಮನಸ್ಸು ಬಂದಾಗ ಬರುತ್ತಿದ್ದ, ಅಷ್ಟರಲ್ಲಿ ಅರ್ಧ ಹೂ ಅರಳಿರುತ್ತಿತ್ತು, ಅವನು ಮೂಗು ಮುರಿದು ಉಳಿದದ್ದನ್ನು ಒಯ್ಯುತ್ತಿದ್ದ. ಅದಕ್ಕೇ ಈ ಕೋಣೆ ಕಟ್ಟಿದ್ದು. ಪೇಟೆಯ ದೊಡ್ಡ ಹೂವಿನಂಗಡಿಯಾಕೆ ಮರುದಿನ ಬೆಳಿಗ್ಗೆ ಬಂದು ನೋಡುವವರಿದ್ದರು. ಮೊಗ್ಗು ಮೊಗ್ಗಾಗಿಯೇ ನಿಂತಿದ್ದರೆ ನಮ್ಮ ಹೂವೆಲ್ಲ ಅವರಿಗೆ. ಇಲ್ಲದಿದ್ದರೆ ಮತ್ತೆ ವ್ಯಾನಿನವನ ಮೂಗು.

ಮಗಳು ಬ್ರಷ್ಷನ್ನು ಬಾಯಲ್ಲೇ ಇಟ್ಟುಕೊಂಡು ನನ್ನ ಸೊಂಟದ ಪಕ್ಕದಿಂದ ಇಣುಕಿದಳು. ನೀರಿಗೆ ಬಣ್ಣ ಇಲ್ಲ ಅಂದಮೇಲೆ ಮಂಜು ಯಾಕೆ ಬೆಳ್ಳಗಿದೆ ಎಂದಳು. ಲಿಲ್ಲಿಗೆ ಚಳಿಯಾದರೆ ನಡುಕ ಬರುತ್ತದಾ ಎಂದಳು. ನಾನು ಬಾಯಿ ತೆರೆಯುವ ಮೊದಲೇ ಮೂರನೆಯದು ಬಂತು: ಒಳಗಿಟ್ಟ ಮೊಗ್ಗಿಗೆ ಹೊರಗಡೆ ಎರಡು ದಿನ ಕಳೆದುಹೋಗಿದೆ ಅಂತ ಗೊತ್ತಾಗುತ್ತದಾ?

“ಗೊತ್ತಾಗಲ್ಲ ಅನ್ಸತ್ತೆ,” ಎಂದೆ. “ಮೊದಲು ಬಾಯಿ ತೊಳಕೋ.”

ನನ್ನ ತಮ್ಮ ಅವಳನ್ನು ಪ್ರಶ್ನೆಪತ್ರಿಕೆ ಎಂದೇ ಕರೆಯುತ್ತಾನೆ. ಉತ್ತರ ಬರೆಯಲು ಟೈಮೇ ಕೊಡದ ಪರೀಕ್ಷೆ ಇದು ಎಂದು ಅವನ ದೂರು.

ಬಕೆಟುಗಳನ್ನು ಮನೆಯ ತಣ್ಣಗಿನ ಮೂಲೆಗೆ ಸಾಗಿಸಿ, ಮೆಷಿನ್ನು ಆರಿಸಿ, ಕೆಳಗೆ ಒಂದು ಪಾತ್ರೆ ಇಟ್ಟು, ತಮ್ಮನಿಗೆ ಫೋನು ಮಾಡಿದೆ. ಮಧ್ಯಾಹ್ನ ಊಟದ ಹೊತ್ತಿಗೆ ಬರುತ್ತೇನೆ ಎಂದ. ಆಮೇಲೆ ಉಳಿದಿದ್ದ ಎರಡು ಒಂಟಿ ಕಾಲುಚೀಲಗಳನ್ನು, ಒಂದಕ್ಕೆ ನೀಲಿ ಗೆರೆ ಇತ್ತು ಒಂದಕ್ಕೆ ಇರಲಿಲ್ಲ, ಮಗಳ ಮುಂದೆ ಹಿಡಿದು ಇವತ್ತೊಂದು ದಿನ ಹೇಗೋ ಸುಧಾರಿಸಿಕೋ ಎಂದೆ. ಜಡೆ ಒಂದು ಕಡೆ ವಾರೆಯಾದರೂ ಮನೆ ಮೇಲೆ ಕೆಳಗೆ ಮಾಡುವವಳು, ತುಟಿ ಪಿಟಕ್ಕೆನ್ನದೆ ಹಾಕಿಕೊಂಡು ಹೊರಟಳು. ಕೆಲಸದ ಗಡಿಬಿಡಿಯಲ್ಲಿ ನನಗೆ ಅದು ತಲೆಗೆ ಹೋಗಲಿಲ್ಲ.

ಈ ಪ್ರಶ್ನೆಪತ್ರಿಕೆಯಲ್ಲಿ ಒಂದು ಪ್ರಶ್ನೆ ಮಾತ್ರ ಇರಲಿಲ್ಲ. ಅಪ್ಪನ ವಿಷಯ ಅವಳು ಒಮ್ಮೆಯೂ ಕೇಳಿರಲಿಲ್ಲ.

ಅವಳಪ್ಪ ಲಾರಿ ಓಡಿಸುತ್ತಿದ್ದರು. ಅವಳು ಒಂದನೇ ತರಗತಿಯಲ್ಲಿದ್ದಾಗ ದೂರದ ಟ್ರಿಪ್ಪು ಎಂದು ಹೋದವರು ಬರಲಿಲ್ಲ. ಮೊದಮೊದಲು ಫೋನು ಬರುತ್ತಿತ್ತು. ಮಾತು ಗಿಡ್ಡವಾಗುತ್ತ ಹೋಯಿತು, ಆಮೇಲೆ ಎತ್ತುವುದನ್ನೇ ಬಿಟ್ಟರು. ನನ್ನ ತಮ್ಮ ಲಾರಿ ಕಂಪನಿಗೆ ಹೋಗಿ ವಿಚಾರಿಸಿ ಬಂದ. ಗಾಡಿಯನ್ನು ತೊಳೆದು, ಕೀಲಿಯನ್ನು ಕೈಗೇ ಕೊಟ್ಟು, ಎಲ್ಲರಿಗೂ ಹೇಳಿಯೇ ಹೋದರಂತೆ. ದೇಶದ ಇನ್ನೊಂದು ತುದಿಯಲ್ಲಿ ಬೇರೆ ಕಂಪನಿ ಸೇರಿದ್ದಾರಂತೆ. ಇತ್ತೀಚೆಗೆ ಯಾರೋ ನೋಡಿದ್ದರಂತೆ, ಚೆನ್ನಾಗಿದ್ದಾರೆ, ಸ್ವಲ್ಪ ಮೈ ತುಂಬಿಕೊಂಡಿದ್ದಾರೆ ಎಂದರಂತೆ. ಈ ಕೊನೆಯ ಮಾತೇ ಯಾಕೋ ನನಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಇಲ್ಲಿ ಏನು ತಿಂದರೂ ಮೈಗೆ ಹತ್ತದ ಮನುಷ್ಯ.

ಅತ್ತೆಗೆ ಎಲ್ಲವನ್ನೂ ಹೇಳಿದೆ. ಅವರು ಮಗನನ್ನು ಬೈಯಲೂ ಇಲ್ಲ, ನನ್ನನ್ನು ಬಿಟ್ಟು ಹೋಗಲೂ ಇಲ್ಲ. ಮಗಳಿಗೆ ಮೊದಲ ದಿನ ದೂರದ ಟ್ರಿಪ್ಪು ಎಂದಿದ್ದೆ, ಆಗ ಅದು ನಿಜವೇ ಆಗಿತ್ತು. ಅವಳಾಗಿ ಕೇಳಲಿ, ಕೇಳಿದ ದಿನ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ ಎಂದುಕೊಂಡೆ. ಅಪ್ಪ ಯಾವಾಗ ಬರ್ತಾರೆ ಎಂದು ಕೇಳಿದರೆ ಏನು ಹೇಳಬೇಕೆಂದು ಪಾತ್ರೆ ಉಜ್ಜುವಾಗ, ಹೂವಿನ ಕಾಂಡ ಕತ್ತರಿಸುವಾಗ ಒಳಗೊಳಗೇ ಎಷ್ಟೋ ಸಲ ಹೇಳಿ ನೋಡಿಕೊಂಡಿದ್ದೆ. ಅವಳು ಕೇಳಲಿಲ್ಲ. ಮಂಜಿನ ಬಣ್ಣ ಕೇಳಿದಳು, ಇರುವೆ ನಿದ್ದೆ ಮಾಡುತ್ತದಾ ಕೇಳಿದಳು, ಇದನ್ನು ಬಿಟ್ಟು ಮಿಕ್ಕಿದ್ದೆಲ್ಲ ಕೇಳಿದಳು.

ಈಗ ತಂಪುಕೋಣೆಯಾಗಿರುವುದು ಆಗ ಅವಳಪ್ಪನ ಕೋಣೆ. ಮನೆಯ ಹಿಂದುಗಡೆ, ನೇರ ಹೊರಕ್ಕೆ ತೆರೆಯುವ ಬಾಗಿಲಿದ್ದ ಕೋಣೆ. ಹೊತ್ತಲ್ಲದ ಹೊತ್ತಿನಲ್ಲಿ ಬರುವವರು, ಮನೆಯವರ ನಿದ್ದೆ ಕೆಡಬಾರದೆಂದು ಹಿಂದಿನಿಂದಲೇ ಬಂದು, ಕೊಳಾಯಿಯಲ್ಲಿ ಕೈಕಾಲು ತೊಳೆದು ಅಲ್ಲೇ ಮಂಚದ ಮೇಲೆ ಮಲಗುತ್ತಿದ್ದರು. ಕೀಲಿ ಕೊಟ್ಟರೆ ದಾರಿಯಲ್ಲಿ ಕಳೆಯುತ್ತಿದ್ದರು. ಹಾಗಾಗಿ ಬಾಗಿಲ ಪಕ್ಕದ ಗೋಡೆಯಲ್ಲಿ ತಾವೇ ತೂತು ಕೊರೆದು, ಒಂದು ಗೇಣುದ್ದದ ಕಬ್ಬಿಣದ ಕೊಳವೆ ಕೂರಿಸಿ ಸಿಮೆಂಟು ಮೆತ್ತಿದ್ದರು. ಒಳಗಿನ ಮೊಳೆಗೆ ಒಂದು ದಾರ, ದಾರದ ತುದಿಗೆ ಕೀಲಿ, ಕೀಲಿ ಕೊಳವೆಯೊಳಗೆ. ಹೊರಗಿನಿಂದ ಬೆರಳು ಹಾಕಿ ಎಳೆದರೆ ಬರುತ್ತಿತ್ತು.

ಬರುವಾಗ ಸದ್ದಾಗುತ್ತಿತ್ತು. ಮೊದಲು ಟಿಣ್ ಎಂದು ಒಮ್ಮೆ, ಆಮೇಲೆ ಕಬ್ಬಿಣದ ಮೇಲೆ ಕೀಲಿ ಉದ್ದಕ್ಕೂ ಉಜ್ಜಿಕೊಂಡು ಬರುವ ಕಿರ್ರ್. ಆ ಸದ್ದಿಗೆ ನನಗೆ ಎಚ್ಚರವಾಗುತ್ತಿತ್ತು. ಅತ್ತೆಗೂ ಆಗುತ್ತಿತ್ತು, ಅವರ ಕೆಮ್ಮು ನಿಂತು ಹೋಗುತ್ತಿದ್ದುದರಿಂದ ನನಗೆ ಗೊತ್ತು. ಪಕ್ಕದಲ್ಲಿ ಮಲಗಿದ್ದ ಮಗಳ ಉಸಿರೂ ಬದಲಾಗುತ್ತಿತ್ತು. ಮೂವರೂ ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದೆವು. ಬೆಳಿಗ್ಗೆ ಮಗಳು ಒಳಬಾಗಿಲು ತಳ್ಳಿ, ಮಂಚದ ಮೇಲೆ ಹೊದಿಕೆ ಗುಡ್ಡವಾಗಿದೆಯೋ ಇಲ್ಲವೋ ಎಂದು ಇಣುಕಿ, ಅಯ್ಯೋ ಯಾವಾಗ ಬಂದ್ರಿ ಎಂದು ಆಶ್ಚರ್ಯಪಡುತ್ತಿದ್ದಳು. ನಾವೂ ಪಡುತ್ತಿದ್ದೆವು. ನಾನು ಬಂದದ್ದು ಬೆಕ್ಕಿಗೂ ಗೊತ್ತಾಗಲ್ಲ ನೋಡಿ ಎಂದು ಅವರು ಹಿಗ್ಗುತ್ತಿದ್ದರು. ಆ ಹಿಗ್ಗನ್ನು ಕೆಡಿಸುವ ಮನಸ್ಸು ಯಾರಿಗೂ ಇರಲಿಲ್ಲ.

ತಂಪುಕೋಣೆಗೆ ಜಾಗ ಬೇಕೆಂದಾಗ ಮನೆಯಲ್ಲಿ ಖಾಲಿ ಇದ್ದದ್ದು ಅದೊಂದೇ. ಅತ್ತೆ ಬಟಾಣಿ ಬಿಡಿಸುತ್ತಿದ್ದಾಗ ಮೆಲ್ಲಗೆ ಹೇಳಿದೆ. ಅವರು ಬುಟ್ಟಿಯ ಬಟಾಣಿಯೆಲ್ಲ ಬಿಡಿಸಿ ಮುಗಿಸಿದರು, ಸಿಪ್ಪೆಯನ್ನು ಒಂದು ಕಡೆ ಸರಿಸಿದರು. ಆಮೇಲೆ ಕೇಳಿದರು, ಮಂಚ ಎಲ್ಲಿಡ್ತೀಯ ಎಂದು. ಹಿಂದಿನ ತಗಡಿನ ಚಪ್ಪರದಲ್ಲಿ ಗೋಡೆಗೆ ಒರಗಿಸುತ್ತೇನೆ ಎಂದೆ. ನೆನೆಯದ ಹಾಗೆ ನೋಡ್ಕೋ ಎಂದರು. ಅದೇ ಒಪ್ಪಿಗೆ.

ನನ್ನ ತಮ್ಮ ಬಸ್ಸಿನ ಬಾಡಿ ಕಟ್ಟುವ ಶೆಡ್ಡಿನಲ್ಲಿ ಕೆಲಸ ಮಾಡುವವನು. ರಜೆಯ ದಿನಗಳಲ್ಲೆಲ್ಲ ಬಂದು ನಿಂತ. ಮೊದಲು ನೆಲ: ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಫೋಮ್ ಹಲಗೆ, ಅದರ ಮೇಲೆ ಪ್ಲೈವುಡ್. ಫೋಮ್ ಹಲಗೆ ಎಂದರೆ ಥರ್ಮಾಕೋಲಿನ ದೊಡ್ಡಣ್ಣ, ಕಾಲಿಟ್ಟರೂ ಜಗ್ಗುವುದಿಲ್ಲ. ಗೋಡೆಗೂ ಸೂರಿಗೂ ಎರಡೆರಡು ಪದರ. ಒಳಪದರದ ಸಂದು ಹೊರಪದರದ ಸಂದಿನ ಮೇಲೆ ಕೂರಬಾರದು, ಇಟ್ಟಿಗೆ ಕಟ್ಟಿದ ಹಾಗೆ ತಪ್ಪಿಸಿ ತಪ್ಪಿಸಿ ಕೂರಿಸಬೇಕು. ಸಂದುಗಳಿಗೆಲ್ಲ ಡಬ್ಬಿಯಿಂದ ನೊರೆ ತುಂಬಬೇಕು. ಅದು ಹಾಲು ಉಕ್ಕಿದ ಹಾಗೆ ಉಬ್ಬಿ ಬಂದು ಗಟ್ಟಿಯಾಗುತ್ತದೆ. ಅದರ ಮೇಲೆ ಬೆಳ್ಳಿ ಬಣ್ಣದ ಟೇಪು. ಟೇಪು ನನ್ನ ಪಾಲಿನ ಕೆಲಸ.

“ಚಳಿ ಪಾಪದ್ದು ಅಕ್ಕ,” ಎನ್ನುತ್ತಿದ್ದ. “ಅದು ಎಲ್ಲಿಗೂ ಓಡಿಹೋಗಲ್ಲ. ಬಿಸಿಗಾಳಿಯೇ ಕಳ್ಳ. ಸೂಜಿಯಷ್ಟು ಸಂದು ಸಿಕ್ಕರೂ ನೀರಿನ ಪಸೆ ಹೊತ್ಕೊಂಡು ನುಗ್ಗತ್ತೆ.”

ಮನೆಗಳಲ್ಲಿ ಹಾಕುವಂಥ ಏಸಿಯನ್ನೇ ಹಾಕಿದ್ದು. ಅದು ತನ್ನ ಪಾಡಿಗೆ ಅಷ್ಟು ತಣ್ಣಗೆ ಮಾಡುವುದಿಲ್ಲ, ಸಾಕೆಂದು ನಿಂತುಬಿಡುತ್ತದೆ. ಅದರ ಶಾಖ ಅಳೆಯುವ ತಂತಿಗೆ ಪುಟ್ಟ ಪೆಟ್ಟಿಗೆಯೊಂದನ್ನು ಕಟ್ಟಿ ಆ ತಂತಿಯನ್ನು ಮಾತ್ರ ಸ್ವಲ್ಪ ಬೆಚ್ಚಗಿಟ್ಟರೆ, ಕೋಣೆಯಲ್ಲಿ ಇನ್ನೂ ಸೆಕೆ ಇದೆ ಎಂದುಕೊಂಡು ಮೆಷಿನ್ನು ದುಡಿಯುತ್ತಲೇ ಇರುತ್ತದೆ. ತಮ್ಮ ಇದನ್ನು ವಿವರಿಸುವಾಗ ಮಗಳು ಏಣಿಯ ಕೆಳಗೆ ಸ್ಕ್ರೂಗಳ ಡಬ್ಬ ಹಿಡಿದು ನಿಂತಿದ್ದಳು.

“ಅಂದ್ರೆ ಮೆಷಿನ್ನಿಗೆ ಸುಳ್ಳು ಹೇಳ್ತಿದೀವಾ ಮಾಮ?”

“ಸಣ್ಣ ಸುಳ್ಳು. ಕೆಲಸ ನಡೀಬೇಕಲ್ಲ.”

“ಅದಕ್ಕೆ ಗೊತ್ತಾದ್ರೆ?”

“ಗೊತ್ತಾದ್ರೆ ಕೆಲಸ ನಿಲ್ಲಿಸಿ ಕೂರತ್ತೆ.”

ಅವಳು ನನ್ನ ಕಡೆ ತಿರುಗಿ ನೋಡಿದಳು. ನಾನು ಟೇಪಿನ ಸುಕ್ಕು ಒತ್ತುವುದರಲ್ಲಿ ಮುಳುಗಿದ್ದೆ.

ತಂಪುಕೋಣೆಗೆ ಬಾಗಿಲು ಒಂದೇ ಇರಬೇಕು. ಹಿಂದಿನ ಬಾಗಿಲಿಗೆ ಮಧ್ಯಾಹ್ನದ ಬಿಸಿಲು ನೇರ ಬಡಿಯುತ್ತದೆ, ಹಾಗಾಗಿ ಅದನ್ನು ಮುಚ್ಚಿ ಮನೆಯೊಳಗಿನ ಬಾಗಿಲನ್ನೇ ದಪ್ಪ ಮಾಡುವುದೆಂದಾಯಿತು. ನನ್ನ ತಮ್ಮ ತನ್ನ ಶೆಡ್ಡಿನಿಂದ ಬಸ್ಸಿನ ಬಾಗಿಲಿನ ರಬ್ಬರು ತಂದು ಸುತ್ತಲೂ ಬಡಿದ. ಮುಚ್ಚಿದರೆ ಪುಸ್ ಎನ್ನುತ್ತಿತ್ತು, ಮಗಳು ಪ್ರತಿ ಸಲ ರೈಟ್ ರೈಟ್ ಎನ್ನುತ್ತಿದ್ದಳು. ಹಿಂದಿನ ಬಾಗಿಲ ಮೇಲೆ ಹಲಗೆ ಕೂರಿಸಿದ ದಿನ ಮಾತ್ರ ಏನೂ ಅನ್ನಲಿಲ್ಲ. ಶಾಲೆಯಿಂದ ಬಂದವಳು ಬ್ಯಾಗು ಬೆನ್ನ ಮೇಲೇ ಇಟ್ಟುಕೊಂಡು ನೋಡುತ್ತ ನಿಂತಳು. ಏನಮ್ಮ ಪ್ರಶ್ನೆಪತ್ರಿಕೆ, ಇವತ್ತು ರಜಾನಾ ಎಂದು ತಮ್ಮ ಕೆಣಕಿದ. ಹೊಟ್ಟೆ ನೋವು ಎಂದು ಒಳಗೆ ಹೋದಳು.

ಕೊಳವೆ ಮಾತ್ರ ಕಿತ್ತು ಬರಲಿಲ್ಲ, ಅವಳಪ್ಪ ಅಷ್ಟು ಗಟ್ಟಿಯಾಗಿ ಮೆತ್ತಿದ್ದರು. ತಮ್ಮ ಹಲಗೆಯನ್ನು ಅದರ ಸುತ್ತ ದುಂಡಗೆ ಕತ್ತರಿಸಿ, ಕೊಳವೆಯ ಎರಡೂ ಬಾಯಿಗೆ ನೊರೆ ತುಂಬಿಸಿ, ದಾರದ ಸಮೇತ ಕೀಲಿಯನ್ನು ನನ್ನ ಕೈಗಿಟ್ಟ. ಇನ್ನು ಆ ಕೀಲಿಗೆ ತೆರೆಯಲು ಬಾಗಿಲೇ ಇರಲಿಲ್ಲ. ಎಸೆಯಲು ಮನಸ್ಸು ಬರದೆ ಅಡುಗೆಮನೆಯ ಮೊಳೆಗೆ ಹಾಕಿದೆ. ಒಂದೆರಡು ದಿನಕ್ಕೆ ಅದು ಮೊಳೆಯ ಮೇಲೆ ಕಾಣಲಿಲ್ಲ. ಅತ್ತೆ ಎತ್ತಿಟ್ಟಿರಬೇಕು ಎಂದುಕೊಂಡು ಕೇಳದೆ ಬಿಟ್ಟೆ. ಅತ್ತೆಯೂ ಕೇಳಲಿಲ್ಲ. ನಮ್ಮ ಮನೆಯ ಪದ್ಧತಿಯೇ ಅದು.

ಮೊದಲ ದಿನಗಳಲ್ಲಿ ಕೋಣೆ ಹೇಳಿದ ಮಾತು ಕೇಳಿತು. ಆಮೇಲೆ ಮೆಷಿನ್ನು ಗಡ್ಡ ಬಿಡಲು ಶುರು ಮಾಡಿತು. ತಮ್ಮ ಬಾಗಿಲಿನ ರಬ್ಬರು ಬದಲಿಸಿದ, ಪುಟ್ಟ ಪೆಟ್ಟಿಗೆಯನ್ನು ಅಲ್ಲಿಂದಿಲ್ಲಿಗೆ ಇಲ್ಲಿಂದಲ್ಲಿಗೆ ಕಟ್ಟಿದ. ಕೊನೆಗೆ ಮೆಷಿನ್ನೇ ಚಿಕ್ಕದಾಯಿತು, ದೊಡ್ಡದು ತರಬೇಕು ಎಂಬಲ್ಲಿಗೆ ಬಂದು ನಿಂತಿದ್ದ. ಇವತ್ತು ಫೋನಿನಲ್ಲಿ ಅದನ್ನೇ ಹೇಳಿದ್ದು.

ದೊಡ್ಡ ಮೆಷಿನ್ನು ತರುವ ಮೊದಲು ಒಂದು ಸಲ ನಾನೇ ನೋಡೋಣ ಎನ್ನಿಸಿತು. ಮಂಜೆಲ್ಲ ಕರಗಿ ಪಾತ್ರೆ ತುಂಬಿದ ಮೇಲೆ ಮೆಷಿನ್ನು ಮತ್ತೆ ಹಚ್ಚಿ, ಸ್ವೆಟರು ಹಾಕಿಕೊಂಡು, ಹೂಗುಚ್ಛಕ್ಕೆ ಸುತ್ತುವ ತೆಳು ಕಾಗದದ ಒಂದು ಪಟ್ಟಿ ಹರಿದುಕೊಂಡು ಒಳಗೆ ಹೋಗಿ ಬಾಗಿಲು ಎಳೆದುಕೊಂಡೆ. ಕೋಣೆ ತಣಿಯುವಷ್ಟು ಹೊತ್ತು ಕೂತು, ಫ್ಯಾನಿನ ಗಾಳಿ ನಿಲ್ಲಿಸಿ, ಕಾಗದವನ್ನು ಸಂದು ಸಂದಿಗೂ ಹಿಡಿಯುತ್ತ ಬಂದೆ. ಬಾಗಿಲ ಸುತ್ತ ಅಲ್ಲಾಡಲಿಲ್ಲ. ಸೂರಿನ ಅಂಚಿನಲ್ಲಿ ಅಲ್ಲಾಡಲಿಲ್ಲ. ನನ್ನ ಟೇಪಿನ ಕೆಲಸ ನೋಡಿ ನನಗೇ ಹೆಮ್ಮೆಯಾಯಿತು. ಮೂಲೆಯ ಶೆಲ್ಫಿನ ಹತ್ತಿರ ಬಂದಾಗ, ಕೆಳಗಿನ ಹಲಗೆಯ ಹಿಂದಿನಿಂದ ಕಾಗದದ ತುದಿ ಸಣ್ಣಗೆ ನಡುಗಿತು.

ಮೊಣಕಾಲೂರಿ ಬಗ್ಗಿ ನೋಡಿದೆ. ಕೊಳವೆಯ ಬಾಯಲ್ಲಿ ನೊರೆ ಇರಲಿಲ್ಲ. ಒಂದು ಬಿಳಿ ಕಾಲುಚೀಲವಿತ್ತು, ನೀಲಿ ಗೆರೆಯದು, ಬಿಗಿಯಾಗಿ ಸುರುಳಿ ಸುತ್ತಿ ತುರುಕಿದ್ದು. ನೀರು ಕುಡಿದು ಭಾರವಾಗಿ, ಅಂಚಿನಲ್ಲಿ ಸಣ್ಣಗೆ ಹನಿಗಟ್ಟಿತ್ತು. ಅದನ್ನು ಹೊರಗೆಳೆದೆ. ಅದರ ಹಿಂದೆ ಒಂದು ದಾರ ಕಾಣಿಸಿತು. ದಾರದ ಈ ತುದಿ ಶೆಲ್ಫಿನ ಕಾಲಿಗೆ ಕಟ್ಟಿತ್ತು, ಶಾಲೆಯ ಬೂಟಿಗೆ ಕಟ್ಟುವಂಥ ಎರಡು ಕುಣಿಕೆಯ ಗಂಟು. ದಾರ ಎಳೆದೆ.

ಟಿಣ್ ಎಂದಿತು. ಆಮೇಲೆ ಕಿರ್ರ್.

ನನ್ನ ಕಣ್ಣುಗಳು ತಾವಾಗಿಯೇ ಮುಚ್ಚಿಕೊಂಡವು. ನಾನು ಮುಚ್ಚಿದ್ದಲ್ಲ, ಹಳೆಯ ಅಭ್ಯಾಸ. ಆ ಚಳಿಯಲ್ಲಿ ಮೊಣಕಾಲೂರಿ ಕೂತು, ದಾರ ಕೈಯಲ್ಲೇ ಹಿಡಿದು, ನಿದ್ದೆ ಬಂದವಳ ಹಾಗೆ ನಿಧಾನ ಉಸಿರಾಡುತ್ತಿದ್ದೆ. ಇನ್ನೇನು ಕೊಳಾಯಿಯ ನೀರು ಬೀಳುತ್ತದೆ. ಬೂಟು ಒಂದಾದ ಮೇಲೊಂದು ನೆಲಕ್ಕೆ ಇಳಿಯುತ್ತದೆ. ಡೀಸೆಲ್ಲು ಮತ್ತು ಸೋಪಿನ ವಾಸನೆ ಬಾಗಿಲ ಸಂದಿನಿಂದ ಬರುತ್ತದೆ. ಬೆಳಿಗ್ಗೆಗೆ ಏನು ಮಾಡಲಿ, ಅವರಿಗೆ ಇಷ್ಟವಾದದ್ದು ಮನೆಯಲ್ಲಿ ಏನಿದೆ ಎಂದು ನನ್ನ ತಲೆ ಆಗಲೇ ಲೆಕ್ಕ ಹಾಕಲು ಹೊರಟಿತ್ತು.

ಬಾಗಿಲು ಪುಸ್ ಎಂದು ತೆರೆದುಕೊಂಡಿತು. ಅತ್ತೆ ನಿಂತಿದ್ದರು, ಕೈಯಲ್ಲಿ ಸೌಟು, ಸೌಟಿನಿಂದ ಸಾರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಒಲೆಯ ಮುಂದಿನಿಂದ ಹಾಗೇ ಓಡಿ ಬಂದಿದ್ದರು. ನನ್ನನ್ನು ನೋಡಿದರು, ಕೀಲಿಯನ್ನು ನೋಡಿದರು.

“ಓ. ನೀನಾ,” ಎಂದರು.

ಅವರ ಮುಖ ನೋಡಲಾಗದೆ ನಾನು ನೆಲಕ್ಕೆ ಬಿದ್ದ ಸಾರು ಒರೆಸಿದೆ. ಅವರು ಕೀಲಿ ತೆಗೆದುಕೊಂಡು, ಒಣಗಿಸುವವರ ಹಾಗೆ ಅಂಗೈಯಲ್ಲಿ ಉಜ್ಜುತ್ತ ಬಾಗಿಲ ಚೌಕಟ್ಟಿಗೆ ಒರಗಿ ಕೂತರು. ಮಗಳ ಕೆಲಸ ಅವರಿಗೆ ಮೊದಲೇ ಗೊತ್ತಿತ್ತು. ಒಂದು ಮಧ್ಯಾಹ್ನ ನಾನು ತೋಟದಲ್ಲಿದ್ದಾಗ, ಅಜ್ಜಿಗೆ ನಿದ್ದೆ ಬಂದಿದೆ ಎಂದುಕೊಂಡು, ಅವಳು ಚಮಚ ಹಿಡಿದು ಕೂತು ನೊರೆಯನ್ನು ಕೊರೆಯುತ್ತಿದ್ದಳಂತೆ. ಒಳಗಿನಿಂದ ಅರ್ಧ, ಹೊರಗಿನಿಂದ ಅರ್ಧ. ಪುಡಿಯನ್ನೆಲ್ಲ ಗುಡಿಸಿ ಜೇಬಿಗೆ ತುಂಬಿಕೊಂಡಳಂತೆ.

“ನನಗೆ ಒಂದು ಮಾತು ಹೇಳಬಾರದಿತ್ತಾ ಅತ್ತೆ?”

“ನೋಡಿದೆ. ಕಣ್ಣು ಮುಚ್ಕೊಂಡೆ,” ಎಂದರು. ಆಮೇಲೆ ಕೀಲಿಯ ಹಲ್ಲುಗಳ ಮೇಲೆ ಹೆಬ್ಬೆರಳು ಆಡಿಸುತ್ತ, “ನಂಗೂ ಅದು ಇರ್ಲಿ ಅನ್ನಿಸ್ತು ಕಣೇ. ನಿನ್ನ ಹೂವಿಗೆ ತೊಂದ್ರೆ ಆಗತ್ತೆ ಅಂತ ಗೊತ್ತಿದ್ರೆ ಹೇಳ್ತಿದ್ದೆ. ಹೇಳ್ತಿದ್ನೋ ಏನೋ.”

ಈ ಮನೆಯಲ್ಲಿ ಎಲ್ಲರೂ ಎಚ್ಚರವಾಗಿಯೇ ಮಲಗಿರುತ್ತೇವೆ.

ಹೊರಗೆ ಹೋಗಿ ಗೋಡೆಯ ಆಚೆ ಬದಿಯಲ್ಲಿ ಕೊಳವೆಗೆ ತುರುಕಿದ್ದ ಇನ್ನೊಂದು ಕಾಲುಚೀಲವನ್ನೂ ತೆಗೆದೆ. ಬಿಸಿಲಿಗೆ ಅದು ಬೆಚ್ಚಗಿತ್ತು. ಎರಡನ್ನೂ ಒಗೆದು ತಂತಿಗೆ ಹಾಕಿ, ನಡುವೆ ಕೀಲಿಯನ್ನು ದಾರದ ಸಮೇತ ಕ್ಲಿಪ್ಪು ಹಾಕಿ ನೇತುಬಿಟ್ಟೆ. ಕೊಳವೆಯ ಒಳಬಾಯಿಗೆ ಸದ್ಯಕ್ಕೆ ಒಣ ಬಟ್ಟೆ ತುರುಕಿ ಪ್ಲಾಸ್ಟಿಕ್ ಕಟ್ಟಿದೆ. ಬಕೆಟುಗಳನ್ನು ವಾಪಸು ತಂದೆ. ಅರಳಿದ ಲಿಲ್ಲಿಗಳನ್ನು ಬೇರೆ ಮಾಡಿ ಅತ್ತೆಯ ಮಂಚದ ಪಕ್ಕ ಇಟ್ಟೆ.

ತಮ್ಮ ಬಂದ. ಸಂಗತಿಯೆಲ್ಲ ಕೇಳಿದ. ಊಟ ಮಾಡಿ ಕೈ ತೊಳೆದು, ನೊರೆಯ ಡಬ್ಬಿ ಅಲುಗಿಸುತ್ತ, ಅವಳು ಬರುವಷ್ಟರಲ್ಲಿ ಮುಚ್ಚಿಬಿಡ್ತೀನಿ ಅಕ್ಕ, ನೋಡಿ ಅಳೋದಾದ್ರೂ ತಪ್ಪತ್ತೆ ಎಂದ. ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ನಾವು ಮುಚ್ಚುತ್ತೇವೆ, ಅವಳು ಕೊರೆಯುತ್ತಾಳೆ, ನಾವು ಕಣ್ಣು ಮುಚ್ಚಿಕೊಳ್ಳುತ್ತೇವೆ. ಇದಕ್ಕೆ ಕೊನೆಯೇ ಇಲ್ಲ. ಡಬ್ಬಿ ಇಲ್ಲೇ ಇಟ್ಟು ಹೋಗು ಎಂದೆ. ಹೋಗುವಾಗ ಅವನು ಚಪ್ಪರಕ್ಕೆ ಹೋಗಿ, ಒರಗಿಸಿದ್ದ ಮಂಚದ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಸರಿಮಾಡಿ ಹೋದದ್ದು ಅಡುಗೆಮನೆಯ ಕಿಟಕಿಯಿಂದ ಕಂಡಿತು.

ಸಂಜೆ ಗೇಟಿನ ಸದ್ದಾಯಿತು. ಹೆಜ್ಜೆಯ ಸದ್ದು ತಂತಿಯ ಹತ್ತಿರ ಬಂದು ನಿಂತಿತು. ತಂಪುಕೋಣೆಯಲ್ಲಿ ಗುಲಾಬಿಯ ಎಲೆ ಸವರುತ್ತಿದ್ದ ನನಗೆ ತೆರೆದ ಬಾಗಿಲಿನಿಂದ ಅಷ್ಟೂ ಕೇಳಿಸಿತು. ಬಹಳ ಹೊತ್ತಾದ ಮೇಲೆ ಅವಳು ಒಳಗೆ ಬಂದು ಹೊಸ್ತಿಲ ಆಚೆ ನಿಂತಳು. ಒಂದು ಕಾಲಿಗೆ ನೀಲಿ ಗೆರೆ, ಒಂದಕ್ಕೆ ಇಲ್ಲ.

“ಬೈತೀಯಾ?”

“ಇಲ್ಲ. ಸ್ವೆಟರ್ ಹಾಕ್ಕೊಂಡು ಬಾ, ಬಾಗಿಲು ಹಾಕ್ಬೇಕು.”

ಸ್ವೆಟರು ಹಾಕಿಕೊಂಡು ಬಂದಳು. ಬಾಗಿಲು ಎಳೆದೆ, ಪುಸ್ ಎಂದಿತು. ರೈಟ್ ರೈಟ್ ಎನ್ನಲಿಲ್ಲ. ಒಂದು ಬಕೆಟು ಬೋರಲು ಹಾಕಿ ನಾನು ಕೂತೆ, ಇನ್ನೊಂದರ ಮೇಲೆ ಅವಳು ಕೂತಳು.

“ನಾನು ಎರಡೂ ಕಡೆ ಗಟ್ಟಿ ಮಾಡಿದ್ದೆ ಅಮ್ಮಾ. ಚಳಿ ಹೋಗಬಾರ್ದು ಅಂತ.”

“ಕಾಲುಚೀಲ ಕಾಲಿಗೆ ಸಾಕು ಪುಟ್ಟಿ, ಗೋಡೆಗೆ ಸಾಲಲ್ಲ.” ಬಿಸಿಗಾಳಿ ನೀರಿನ ಪಸೆ ಹೊತ್ತು ನುಗ್ಗುವುದು, ಆ ಪಸೆಯೇ ಮೆಷಿನ್ನಿಗೆ ಗಡ್ಡವಾಗುವುದು, ಎಲ್ಲವನ್ನೂ ಅವಳಿಗೆ ಹೇಳಿದೆ. ಮಾಮ ಹೇಳಿದ್ದು ನೆನಪಿದೆ, ಆದರೆ ಕಳ್ಳಗಾಳಿ ಇಷ್ಟು ಸಣ್ಣ ಬಾಗಿಲು ಹುಡುಕುತ್ತದೆ ಎಂದುಕೊಂಡಿರಲಿಲ್ಲ ಎಂದಳು. ಅವಳು ಅದನ್ನು ಬಾಗಿಲು ಎಂದಳು.

“ಆ ಬಾಗಿಲು ಮುಚ್ಚಿದೀವಲ್ಲ,” ಎಂದೆ, ಹಲಗೆ ಬಡಿದ ಗೋಡೆಯ ಕಡೆ ತೋರಿಸಿ. “ಬರೀ ಕೀಲಿ ಸಿಕ್ಕಿ ಏನು ಪ್ರಯೋಜನ ಅಂತ ಅನ್ನಿಸ್ಲಿಲ್ವಾ?”

ಅವಳು ಶೆಲ್ಫಿನ ಕಾಲನ್ನು ನೋಡುತ್ತಿದ್ದಳು, ಗಂಟು ಹಾಕಿದ್ದ ಜಾಗವನ್ನು.

“ಕೀಲಿ ಸಿಕ್ರೆ, ತಟ್ಟಬಹುದು ಅಂತ ಗೊತ್ತಾಗತ್ತೆ.”

ಗುಲಾಬಿಯ ಬಕೆಟನ್ನು ಸರಿಯಾಗಿಯೇ ಇದ್ದ ಜಾಗದಿಂದ ಇನ್ನೊಂದು ಜಾಗಕ್ಕೆ ಸರಿಸಿದೆ. ಆಮೇಲೆ ನೊರೆಯ ಡಬ್ಬಿ ತೆಗೆದು ನಮ್ಮಿಬ್ಬರ ನಡುವೆ ಇಟ್ಟೆ. ತೂತು ಮುಚ್ಚಲೇಬೇಕು, ನಾಳೆ ಹೂವಿನಂಗಡಿಯವರು ಬರುತ್ತಾರೆ, ಈ ಹೂವಿನಿಂದಲೇ ನಮ್ಮ ಮೂವರ ಊಟ ಎಂದೆ. ನಿನಗೆ ಗೊತ್ತಿಲ್ಲದ ಹಾಗೆ ಮುಚ್ಚುವುದು ಬೇಡವೆಂದು ಕಾದೆ ಎಂದೆ. ಕೀಲಿ ನಿನ್ನ ಹತ್ತಿರವೇ ಇರಲಿ, ಎಲ್ಲಿ ಬೇಕಾದರೂ ಇಟ್ಟುಕೋ ಎಂದೆ.

ಅವಳು ಡಬ್ಬಿ ಎತ್ತಿಕೊಂಡು ಮಾಮನ ಹಾಗೆಯೇ ಕಿವಿಯ ಹತ್ತಿರ ಹಿಡಿದು ಅಲುಗಿಸಿದಳು. ಇದು ಗಟ್ಟಿಯಾಗಲು ಎಷ್ಟು ಹೊತ್ತು ಬೇಕು ಎಂದಳು. ರಾತ್ರಿ ಊಟದ ಹೊತ್ತಿಗೆ ಆಗುತ್ತದೆ ಎಂದೆ. ಆಮೇಲೆ ತೆಗೆಯಲು ಬರುವುದೇ ಇಲ್ಲವಾ ಎಂದಳು. ಚಮಚ ಇದ್ದರೆ ಬರುತ್ತದೆ, ನಿನಗೇ ಗೊತ್ತಲ್ಲ ಎಂದೆ. ತುಟಿಯ ಒಂದು ಕೊನೆ ನಗುವಿಗೆ ಎದ್ದು ಹಾಗೇ ಕೂತಿತು.

ಮೊಣಕಾಲೂರಿ ಶೆಲ್ಫಿನ ಹಿಂದೆ ಬಗ್ಗಿ, ನಾನು ತುರುಕಿದ್ದ ಬಟ್ಟೆ ಹೊರಗೆಳೆದಳು. ಕೊಳವೆಯ ಬಾಯಿಗೆ ಕಣ್ಣಿಟ್ಟು ನೋಡಿದಳು. ಆಚೆ ತುದಿಯಲ್ಲಿ ಸಂಜೆಯ ಬೆಳಕು ಅಂಗಿಯ ಗುಂಡಿಯಷ್ಟು ದುಂಡಗೆ ಕಾಣುತ್ತಿದ್ದಿರಬೇಕು, ಅವಳ ರೆಪ್ಪೆಯ ಮೇಲೆ ಅದರ ಚುಕ್ಕೆ ಬಿದ್ದಿತ್ತು. ಡಬ್ಬಿಯ ಮೂತಿಯನ್ನು ಒಳಗಿಟ್ಟಳು. ಬೆರಳು ಒತ್ತುಗುಂಡಿಯ ಮೇಲೆ ಬಂದು ನಿಂತಿತು, ಒತ್ತಲಿಲ್ಲ.

ಅತ್ತೆ ಬಾಗಿಲ ಆಚೆ ಬಂದು ನಿಂತಿದ್ದಾರೆಂದು ನನಗೆ ಗೊತ್ತಾಯಿತು, ಅವರ ಕೆಮ್ಮು ನಿಂತಿತ್ತು. ನಾನು ನನ್ನ ಉತ್ತರಗಳನ್ನೆಲ್ಲ ಒಮ್ಮೆ ಮನಸ್ಸಿನಲ್ಲಿ ಜೋಡಿಸಿಕೊಂಡೆ. ಯಾವಾಗ ಎಂದು ಕೇಳಿದರೆ ಏನು, ಎಲ್ಲಿದ್ದಾರೆ ಎಂದು ಕೇಳಿದರೆ ಏನು. ಎಲ್ಲವೂ ಸಿದ್ಧವಾಗಿತ್ತು.

ಅವಳು ತಿರುಗಲಿಲ್ಲ. ಕೊಳವೆಯನ್ನೇ ನೋಡುತ್ತ, ಮಂಜಿನ ಬಣ್ಣ ಕೇಳಿದಷ್ಟೇ ಮೆಲ್ಲಗೆ ಕೇಳಿದಳು.

“ಅಮ್ಮಾ, ಅಪ್ಪಂಗೆ ಬರೋಕೆ ಮನಸ್ಸಿಲ್ವಾ?”